ಗಡ್ಡಿ ಯಾರ ಮಾತು ಕೇಳುತ್ತದೆ?

"ಚೀಲದಾಗ ಗಡ್ಡಿ ಅದ. ಮಕ್ಕಳಾಗ್ಯಾವಲ್ಲ, ತಗಸಿಬಿಡ್ರಿ." ನಮ್ಮ ಚಿಗವ್ವನಿಗೆ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಐದೇ ನಿಮಿಷದಲ್ಲಿ ಸಿಕ್ಕ ತೀರ್ಪು ಇದು. ಆಗ ಆಕೆಗೆ ನಲವತ್ತೆಂಟು. ತಿಂಗಳಿಗೆ ಹನ್ನೆರಡು ದಿನ ಮುಟ್ಟು, ಹಿಮೋಗ್ಲೋಬಿನ್ 7. ಚೀಲ ಅಂದರೆ ಗರ್ಭಕೋಶ, ಗಡ್ಡಿ ಅಂದರೆ ಫೈಬ್ರಾಯ್ಡ್. ವಿದ್ಯಾನಗರದ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಅರ್ಧ ತಾಸು ಕೂತರೂ ಈ ಎರಡು ಶಬ್ದ ಕಿವಿಗೆ ಬೀಳುತ್ತವೆ.  

ತೆಗೆದ ಗಡ್ಡಿಯನ್ನು ಪೆಥಾಲಜಿ ಟೇಬಲ್ಲಿನ ಮೇಲೆ ಒಮ್ಮೆ ನೋಡಿದ್ದೇನೆ. ಚಾಕು ಸಲೀಸಾಗಿ ಇಳಿಯುವುದಿಲ್ಲ. ಕೊಯ್ದ ಮೈ ಬೆಳ್ಳಗೆ ಉಬ್ಬಿ ನಿಲ್ಲುತ್ತದೆ. ಒಳಗೆಲ್ಲ ಸುರುಳಿ ಸುರುಳಿ, ಹೊಸೆದ ಹಗ್ಗದ ತುದಿಯ ಹಾಗೆ. ಆ ಬಿರುಸು ಬರೀ ಸ್ನಾಯುವಿನದಲ್ಲ. ಕೋಶಗಳು ತಮ್ಮ ಸುತ್ತ ನೇಯ್ದುಕೊಂಡ ಕೊಲಾಜೆನ್‌ನದೂ ಹೌದು.

ಇಷ್ಟೆಲ್ಲ ಒಂದೇ ಒಂದು ಕೋಶದ ಸಂತಾನ ಎಂದು ಗೊತ್ತಾದದ್ದು 1965ರಲ್ಲಿ. ಹೆಂಗಸಿನ ಕೋಶದಲ್ಲಿ ಎಕ್ಸ್ ಕ್ರೋಮೋಸೋಮು ಎರಡಿದ್ದರೂ ಕೆಲಸ ಮಾಡುವುದು ಒಂದೇ. ಎಕ್ಸ್ ಮೇಲೆಯೇ ಜೀನ್ ಇರುವ ಜಿ6ಪಿಡಿ ಎಂಬ ಕಿಣ್ವವನ್ನು ಎರಡು ಬಗೆಯಲ್ಲಿ ಹೊತ್ತ ಮಹಿಳೆಯರ ಗರ್ಭಕೋಶದ ಸ್ನಾಯುವಿನಲ್ಲಿ ಎರಡೂ ಬೆರೆತಿದ್ದವು. ಒಂದೊಂದು ಗಡ್ಡಿಯಲ್ಲಿ ಮಾತ್ರ ಒಂದೊಂದೇ. ಒಂದೇ ಚೀಲದ ಎರಡು ಗಡ್ಡಿಗಳು ಬೇರೆ ಬೇರೆ ಮನೆತನದವು ಆಗಿರಬಹುದು.

ಆ ಮೊದಲ ಕೋಶ ಯಾಕೆ ಕೆಟ್ಟಿತು? ಉತ್ತರಕ್ಕೆ ಮತ್ತೆ ನಾಲ್ಕು ದಶಕಕ್ಕೂ ಹೆಚ್ಚು ಹಿಡಿಯಿತು. 2011ರಲ್ಲಿ ಹೆಲ್ಸಿಂಕಿಯ ಸಂಶೋಧಕರು 80 ಮಹಿಳೆಯರ 225 ಗಡ್ಡಿಗಳನ್ನು ತಪಾಸಿಸಿದಾಗ ಸುಮಾರು ಶೇ 70ರಲ್ಲಿ ಎಂಇಡಿ12 ಎಂಬ ಒಂದೇ ಜೀನ್ ತಪ್ಪಿತ್ತು. ಇದು ಬೇರೆ ಜೀನ್‌ಗಳನ್ನು ಯಾವಾಗ, ಎಷ್ಟು ಓದಬೇಕೆಂದು ಹೇಳುವ ಮೇಸ್ತ್ರಿಗಳಲ್ಲೊಂದು. ಈ ತಪ್ಪು ತಾಯಿಯಿಂದ ಬಂದದ್ದಲ್ಲ, ಆ ಕೋಶದಲ್ಲೇ ಆದದ್ದು.

ಆದರೆ ತಪ್ಪಿದ ಜೀನ್ ಬೀಜ ಮಾತ್ರ, ನೀರುಣಿಸುವುದು ಹಾರ್ಮೋನು. ಬಹುಕಾಲ ಎಲ್ಲ ದೂರು ಈಸ್ಟ್ರೋಜನ್ ತಲೆಗೆ ಬಿತ್ತು. 2010ರ ಒಂದು ಪ್ರಯೋಗದಲ್ಲಿ ಮನುಷ್ಯರ ಗಡ್ಡಿಯ ಚೂರನ್ನು ಇಲಿಗಳಲ್ಲಿ ನಾಟಿದರು. ಈಸ್ಟ್ರೋಜನ್ ಒಂದರಿಂದಲೇ ಅದು ಬೆಳೆಯಲಿಲ್ಲ. ಪ್ರೊಜೆಸ್ಟರೋನ್ ಸೇರಿದಾಗ ಬೆಳೆಯಿತು. ಈಸ್ಟ್ರೋಜನ್ ಮಾಡುವುದು ಕೋಶಕ್ಕೆ ಪ್ರೊಜೆಸ್ಟರೋನ್‌ನ ಮಾತು ಕೇಳುವ ಕಿವಿ ಮೂಡಿಸುವ ಕೆಲಸ.

  ಚಿಗವ್ವನಿಗೆ ಮುಂದೆ ಕೊಟ್ಟ ಲ್ಯೂಪ್ರೊಲೈಡ್ ಸೂಜಿ ಈ ಹಾರ್ಮೋನುಗಳನ್ನೇ ಅಡಗಿಸುತ್ತದೆ; ಅದರ ಕಥೆಯಲ್ಲಿ ಹಂದಿಗಳಿವೆ. ವಿಜ್ಞಾನಿ ಆಂಡ್ರ್ಯೂ ಶಾಲಿ ಲಕ್ಷಕ್ಕೂ ಮಿಕ್ಕಿ ಹಂದಿಗಳ ಮೆದುಳಿನ ಚೂರು ಅರೆದು 1971ರಲ್ಲಿ ಜಿಎನ್‌ಆರ್‌ಎಚ್ ಎಂಬ ಮೆದುಳಿನ ಹಾರ್ಮೋನಿನ ರಚನೆ ಬಿಡಿಸಿದರು. 1977ರಲ್ಲಿ ನೊಬೆಲ್ ಬಂತು. ಮರುವರ್ಷ ಅರ್ನ್ಸ್ಟ್ ನೋಬಿಲ್ ತಂಡ ಕೋತಿಗಳಲ್ಲಿ ತೋರಿಸಿದ್ದು ಇನ್ನೂ ಸೋಜಿಗ. ಈ ಹಾರ್ಮೋನು ತಾಸಿಗೊಮ್ಮೆ ಬಡಿದರೆ ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಗ್ರಂಥಿ ಏಳುತ್ತದೆ, ಬಿಡದೆ ಬಡಿದರೆ ಕಿವುಡಾಗುತ್ತದೆ! ಲ್ಯೂಪ್ರೊಲೈಡ್ ಸೂಜಿ ಮಾಡುವುದು ಇದನ್ನೇ. ಅಂಡಾಶಯ ಸುಮ್ಮನಾಗುತ್ತದೆ, ಕೊಲಾಜೆನ್ ನೇಯಿಸುವ ಜೀನ್‌ಗಳ ಸದ್ದಡಗುತ್ತದೆ, ಮೂರರಿಂದ ಆರು ತಿಂಗಳಲ್ಲಿ ಗಡ್ಡಿ ಅರ್ಧದಷ್ಟಾದರೂ ಆದೀತು. ಮೈ ಕಾವೇರುತ್ತದೆ, ಎಲುಬು ಸವೆಯುತ್ತದೆ; ಹಾಗಾಗಿ ಹೆಚ್ಚು ದಿನ ಕೊಡುವಂತಿಲ್ಲ. ನಿಲ್ಲಿಸಿದರೆ ಗಡ್ಡಿ ಮತ್ತೆ ಬೆಳೆಯುತ್ತದೆ, ಯಾಕೆಂದರೆ ಎಂಇಡಿ12ರ ತಪ್ಪು ಇದ್ದಲ್ಲೇ ಇದೆ.

ಹಾಗಿದ್ದರೆ ಚೀಲ ತೆಗೆಯುವುದೇ ವಾಸಿಯಲ್ಲವೇ? ಕೆಲವರಿಗೆ ಹೌದು. ಆದರೆ ಪಕ್ಕದ ರಾಣೆಬೆನ್ನೂರಿನಲ್ಲಿ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡೆವೆಂದು ಮಹಿಳೆಯರು ಪರಿಹಾರಕ್ಕಾಗಿ ಬೀದಿಗಿಳಿದದ್ದನ್ನು ನಾವು ಕಂಡಿದ್ದೇವೆ. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತರಲು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು.

ಚಿಗವ್ವನನ್ನು ನೋಡಿದ ಎರಡನೇ ವೈದ್ಯೆ ಮೊದಲು ಕೇಳಿದ್ದು, "ನಿಮ್ಮವ್ವಗ ಮುಟ್ಟು ಯಾವಾಗ ನಿಂತಿತ್ತು?" ಐವತ್ತಕ್ಕೆ ಅಂದಳು ಚಿಗವ್ವ. ಅಂದರೆ ಗಡ್ಡಿಗೆ ಹಾರ್ಮೋನಿನ ನೀರು ತಾನಾಗೇ ನಿಲ್ಲಲು ಹೆಚ್ಚು ದಿನವಿರಲಿಲ್ಲ. ಮೂರು ಸೂಜಿ, ಕಬ್ಬಿಣದ ಗುಳಿಗೆ. ಹಿಮೋಗ್ಲೋಬಿನ್ 10 ದಾಟಿತು. ಆಮೇಲೆ ಮುಟ್ಟು ಬಂದದ್ದು ಎರಡೇ ಸಲ.