ನಿಮಗಿದು ಗೊತ್ತೆ? ಹೃದಯದ ಬಡಿತವೇ ಬೀಗದ ಕೈ
ತುಮಕೂರಿನ ಪೇಟೆಯಲ್ಲಾಗಲಿ, ಗುಬ್ಬಿ ಕುಣಿಗಲುಗಳ ತೋಟದ ಮನೆಯಲ್ಲಾಗಲಿ, ಹೃದ್ರೋಗಿಯೊಬ್ಬರ ಎದೆಗಂಟಿಸಿದ ಪಟ್ಟಿಯೂ ಮಣಿಕಟ್ಟಿನ ಗಡಿಯಾರವೂ ತಂತಿಯ ಹಂಗಿಲ್ಲದೆ ಪರಸ್ಪರ ಸಂಭಾಷಿಸುವಾಗ, ಆ ಮಾತು ಗೋಡೆಯಾಚೆಯ ಅಪರಿಚಿತನ ಯಂತ್ರಕ್ಕೂ ಕೇಳಿಸಬಹುದೆಂಬುದನ್ನು ನಾವು ಮರೆಯಲಾಗದು. ಕೇಳುವುದಷ್ಟೇ ಅಲ್ಲ, ಅಂತಹವನು ಯಂತ್ರಕ್ಕೆ ಆಜ್ಞೆಯನ್ನೂ ಕಳುಹಿಸಿಯಾನೆಂಬ ಭೀತಿಯಿಂದಲೇ 2007ರಲ್ಲಿ ಅಂದಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯವರ ಎದೆಯೊಳಗಿನ ಹೃದಯರಕ್ಷಕ ಯಂತ್ರದ ನಿಸ್ತಂತು ಸಂಪರ್ಕವನ್ನು ವೈದ್ಯರು ಸ್ಥಗಿತಗೊಳಿಸಿದ್ದರು. ಮೈಮೇಲಿನ ಮತ್ತು ಮೈಯೊಳಗಿನ ಸಾಧನಗಳನ್ನು ಬೆಸೆಯುವ ಇಂತಹ ದೇಹಜಾಲಗಳಿಗೆಂದೇ 2012ರಲ್ಲಿ ಪ್ರಕಟವಾದ ಐಇಇಇ 802.15.6 ಎಂಬ ಮಾನದಂಡದಲ್ಲಿ ಸಂದೇಶವನ್ನು ಗೂಢಲಿಪಿಗೊಳಿಸುವ ಕ್ರಮವುಂಟು.

ಆದರೆ ಗುಂಡಿಯೂ ಪರದೆಯೂ ಇಲ್ಲದ ಪುಟ್ಟ ಪಟ್ಟಿಯು ಗೂಢಲಿಪಿಯ ಕೀಲಿಯನ್ನು ಪಡೆಯುವುದೆಲ್ಲಿಂದ? ವಿಜ್ಞಾನಿಗಳು ಸೂಚಿಸಿರುವ ಮಾರ್ಗಗಳಲ್ಲಿ ನನಗೆ ಅತ್ಯಂತ ರಮಣೀಯವೆನಿಸುವುದು ಇದು: ಆರೋಗ್ಯವಂತ ಹೃದಯದ ಎರಡು ಬಡಿತಗಳ ನಡುವಣ ಅಂತರವು ಪ್ರತಿ ಸಲವೂ ಸೆಕೆಂಡಿನ ಸಹಸ್ರಾಂಶಗಳ ಲೆಕ್ಕದಲ್ಲಿ ಹೆಚ್ಚುಕಡಿಮೆಯಾಗುತ್ತಿರುವುದರಿಂದ, ಒಂದೇ ಮೈಮೇಲಿರುವ ಎರಡು ಸಂವೇದಕಗಳು ಏಕಕಾಲದಲ್ಲಿ ಆ ಅಂತರಗಳನ್ನು ಅಳೆದು, ಅಳತೆಯ ಸಣ್ಣ ದೋಷಗಳನ್ನು ತಿದ್ದಿಕೊಂಡು, ಕೀಲಿಯನ್ನು ಗಾಳಿಯಲ್ಲಿ ಕಳುಹಿಸದೆಯೇ ತಮ್ಮತಮ್ಮಲ್ಲಿ ಅದನ್ನು ನಿರ್ಮಿಸಿಕೊಳ್ಳಬಲ್ಲುವು. ಮುಖಚರ್ಮದ ಸೂಕ್ಷ್ಮ ವರ್ಣವ್ಯತ್ಯಾಸದಿಂದ ಅಪರಿಚಿತನ ಕ್ಯಾಮೆರಾವೂ ದೂರದಿಂದಲೇ ನಾಡಿಯನ್ನು ಎಣಿಸಬಲ್ಲುದಾದ್ದರಿಂದ, ಈ ಉಪಾಯವೊಂದನ್ನೇ ನೆಚ್ಚಿ ಕೂರುವುದು ಮಾತ್ರ ಯುಕ್ತವಲ್ಲ.