ಉದುರಿದ ಕೂದಲಿಗೆ ಪಾತ್ರೆ, ಉಳಿದ ಕೂದಲಿಗೆ ಎಣ್ಣೆ

ಕೂದಲು ತೆಗೆದುಕೊಂಡು ಪಾತ್ರೆ ಕೊಡುವವರು ಬಯಲುಸೀಮೆಯ ಹಳ್ಳಿಗಳಿಗೆ ಇಂದಿಗೂ ಬರುತ್ತಾರೆ. ಬಾಚುವಾಗ ಹಣಿಗೆಗೆ ಸಿಕ್ಕಿದ್ದನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟ ಹೆಂಗಸರು ಅದನ್ನು ಕೊಟ್ಟು ಸ್ಟೀಲ್ ಲೋಟವನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ಪಡೆಯುತ್ತಾರೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟುವುದೇ ನೂರಾರು ಮನೆಗಳ ಕಸುಬು. ಅಲ್ಲಿಂದ ಅದು ವಿಗ್ಗಿಗೆಂದು ಹೊರದೇಶಕ್ಕೆ ಹೋಗುತ್ತದೆ. ಆರೋಗ್ಯವಂತರ ತಲೆಯಿಂದ ದಿನಾ ಉದುರುವ ಕೂದಲನ್ನೇ ನಂಬಿ ಒಂದು ವ್ಯಾಪಾರ ನಡೆಯುತ್ತಿದೆ. ಆದರೂ ಬಾಚಣಿಗೆಯಲ್ಲಿ ನಾಲ್ಕೆಳೆ ಕಂಡರೆ ಸಾಕು, ನಮಗೆ ಎದೆ ಧಸಕ್ಕೆನ್ನುತ್ತದೆ.

ದೊಡ್ಡವರ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬುಡ ಕುಗ್ಗಿಸಿಕೊಂಡು, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಗುಳಿಯಿಂದ ಹೊಸದು ಏಳುತ್ತದೆ. ದಿನಕ್ಕೆ 50ರಿಂದ 100 ಎಳೆ ಬಿದ್ದರೆ ಅದು ಕಾಯಿಲೆಯಲ್ಲ. ಇನ್ನೊಂದು ಮಾತು, ಮುಂದಿನದಕ್ಕೆಲ್ಲ ಇದೇ ಬುನಾದಿ: ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಬಂದ ಎಳೆ ಉಗುರಿನಂತೆ ಜೀವವಿಲ್ಲದ ಕೆರಾಟಿನ್. ಬುಡಕ್ಕೆ ಬೇಕಾದದ್ದು ರಕ್ತದಿಂದ ಬರುತ್ತದೆ, ಎಳೆಗೆ ಬೇಕಾದದ್ದು ಸವೆಯದಂತೆ ಜೋಪಾನ. ಈ ಎರಡನ್ನೂ ಕಲಸಿಕೊಂಡದ್ದರಿಂದಲೇ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟಿವೆ.

“ತಲೆಗೆ ಎರ್ಕೊಂಡ ದಿನವೇ ಜಾಸ್ತಿ ಉದ್ರೋದು”

ಉದುರುವುದು ಕಾಣುತ್ತದೆ, ನಿಜ. ಮಂಗಳವಾರ ಇಲ್ಲವೇ ಶುಕ್ರವಾರ, ವಾರಕ್ಕೊಮ್ಮೆ ಮಾತ್ರ ತಲೆಗೆ ನೀರು ಹಾಕಿಕೊಳ್ಳುವವರಿಗೆ ಆರೇಳು ದಿನಗಳಲ್ಲಿ ಸಡಿಲಗೊಂಡು ಜಡೆಯೊಳಗೇ ಸಿಕ್ಕಿಕೊಂಡಿದ್ದ ಕೂದಲೆಲ್ಲ ಒಂದೇ ಸಲ ಬಚ್ಚಲಿಗೆ ಬೀಳುತ್ತದೆ. ನೀರು ಅದನ್ನು ಕಿತ್ತದ್ದಲ್ಲ, ಕಿತ್ತಿದ್ದನ್ನು ಹೊರಗೆ ತಂದದ್ದು. ಹೆದರಿ ಹದಿನೈದು ದಿನಕ್ಕೊಮ್ಮೆ ಮಾಡಿಕೊಂಡರೆ ಆ ದಿನದ ಮುಷ್ಟಿ ಇನ್ನೂ ದೊಡ್ಡದಾಗುತ್ತದೆ, ಹೆದರಿಕೆಯೂ. ಮೇ ತಿಂಗಳ ಧೂಳಿನಲ್ಲಿ ಹೊಲದ ಕೆಲಸಕ್ಕೆ ಹೋಗುವವರು ವಾರಕ್ಕೆ ಎರಡು ಮೂರು ಸಲ ತೊಳೆದುಕೊಂಡರೂ ಕೂದಲಿಗೆ ಏನೂ ಆಗುವುದಿಲ್ಲ.

“ಬೋರ್ ನೀರಿಗೇ ಕೂದ್ಲೆಲ್ಲ ಹೋಯ್ತು”

ಚಳ್ಳಕೆರೆ ಸೀಮೆಯ ಪರಶುರಾಂಪುರ ವೇದಾವತಿ ನದಿಯ ದಡದಲ್ಲಿದೆ. ಆದರೂ ಈ ಭಾಗದ ಬಹುಪಾಲು ಬಚ್ಚಲುಗಳಿಗೆ ಬರುವುದು ಕೊಳವೆಬಾವಿಯ ಗಡಸು ನೀರು. ಸೋಪಿಗೆ ನೊರೆ ಬರುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಹಂಡೆಗೇ ಹೀಗಾದರೆ ತಲೆಗೆ ಇನ್ನೇನಾದೀತು ಎಂಬ ಅನುಮಾನ ಸಹಜ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಜಿಗುಟಾಗುತ್ತದೆ, ಅದು ಎಳೆಗೆ ಅಂಟಿ ಕೂದಲು ಒರಟಾಗುತ್ತದೆ. ಅಲ್ಲಿಯವರೆಗಿನದು ಸತ್ಯ. ಆದರೆ ಬುಡದಿಂದ ಕೂದಲು ಉದುರಿಸುವ ಶಕ್ತಿ ಆ ನೀರಿಗಿದೆ ಎನ್ನಲು ಆಧಾರವಿಲ್ಲ. ನಮ್ಮ ದೇಶದ ಚರ್ಮವೈದ್ಯರೇ 2013ರಲ್ಲಿ ಒಂದೇ ತಲೆಯ ಕೂದಲನ್ನು ಭಾಗ ಮಾಡಿ ಗಡಸು ನೀರಿನಲ್ಲೂ ಬಟ್ಟಿ ಇಳಿಸಿದ ನೀರಿನಲ್ಲೂ ತಿಂಗಳ ಕಾಲ ಮತ್ತೆ ಮತ್ತೆ ಅದ್ದಿ ನೋಡಿದಾಗ ಎಳೆಯ ಗಟ್ಟಿತನದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಳಿಕ ಪಾಕಿಸ್ತಾನದ ಅಧ್ಯಯನವೊಂದರಲ್ಲಿ ಎಳೆ ಸ್ವಲ್ಪ ದುರ್ಬಲವಾದದ್ದು ಕಂಡಿತು. ಎರಡೂ ಹೇಳಿದ್ದು ಎಳೆ ತುಂಡಾಗುವ ಬಗ್ಗೆ, ಬುಡ ಕಳಚುವ ಬಗ್ಗೆ ಅಲ್ಲ.

ಯಾವುದು ತುಂಡಾದದ್ದು, ಯಾವುದು ಉದುರಿದ್ದು ಎಂದು ಮನೆಯಲ್ಲೇ ತಿಳಿಯಬಹುದು. ತುದಿಯಲ್ಲಿ ಸಣ್ಣ ಬಿಳಿ ಗುಬುಟಿದ್ದರೆ ಅದು ಬುಡದಿಂದ ಬಂದ ಕೂದಲು. ಇಲ್ಲದೆ ಗಿಡ್ಡ ಗಿಡ್ಡ ತುಂಡುಗಳಾಗಿದ್ದರೆ ಮುರಿದದ್ದು. ಮುರಿಯುತ್ತಿದ್ದರೆ ತಲೆಗೆ ಮೈಸೋಪು ಹಚ್ಚುವುದನ್ನು ಬಿಡಿ. ಶಾಂಪೂ ಗಡಸು ನೀರಿನಲ್ಲಿ ಸೋಪಿನಷ್ಟು ಜಿಗುಟು ಮಾಡುವುದಿಲ್ಲ. ಸೀಗೆಪುಡಿ, ಚುಜ್ಜಲು ಪುಡಿಗಳಲ್ಲೂ ನೊರೆ ಕೊಡುವುದು ಸಪೋನಿನ್ ಎಂಬ ಸಹಜ ವಸ್ತು. ಬಯಲುಸೀಮೆಯ ಒಣ ಕಾಡಿನ ಚುಜ್ಜಲು ಮರದ ಎಲೆ ಎಣ್ಣೆಜಿಡ್ಡನ್ನು ಚೆನ್ನಾಗಿಯೇ ತೆಗೆಯುತ್ತದೆ. ಪುಡಿಯನ್ನು ನುಣ್ಣಗೆ ಜರಡಿ ಹಿಡಿದಿರಬೇಕು, ಕಣ್ಣಿಗೆ ಬೀಳಬಾರದು, ಅಷ್ಟೆ.

ಬೋರ್ ನೀರಿನ ವಿಷಯದಲ್ಲಿ ನಮ್ಮ ಚಿಂತೆ ತಪ್ಪು ಕಡೆ ತಿರುಗಿದೆ ಎನಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಹಾಳಾಗುತ್ತವೆ. ಹೆದರಬೇಕಾದದ್ದು ಕೊಡದ ನೀರಿಗೆ, ಬಚ್ಚಲ ನೀರಿಗಲ್ಲ.

“ಎಣ್ಣೆ ಹಚ್ಚಿದಷ್ಟೂ ಕೂದ್ಲು ಬೆಳಿತೈತೆ”

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಇಲ್ಲಿ ಎಣ್ಣೆಯ ವಿರುದ್ಧ ಮಾತಾಡುವುದು ಕಷ್ಟ. ಎಣ್ಣೆಯಿಂದ ಲಾಭವಿಲ್ಲ ಎಂದೇನೂ ಅಲ್ಲ, ಲಾಭ ಯಾವುದಕ್ಕೆ ಎಂಬುದಷ್ಟೇ ಪ್ರಶ್ನೆ. ಮುಂಬಯಿಯ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಕೂದಲಿಗೆ ಹಚ್ಚಿ ಹೋಲಿಸಿದರು. ತೊಳೆಯುವಾಗ, ಬಾಚುವಾಗ ಎಳೆಯಿಂದ ಪ್ರೋಟೀನ್ ನಷ್ಟವಾಗುವುದನ್ನು ಕೊಬ್ಬರಿ ಎಣ್ಣೆಯೊಂದೇ ಸ್ಪಷ್ಟವಾಗಿ ತಗ್ಗಿಸಿತು. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ ನೇರವಾದ ಸಣ್ಣ ಸರಪಳಿಯ ಅಣು, ಹಾಗಾಗಿ ಎಳೆಯೊಳಗೆ ಇಳಿಯುತ್ತದೆ. ಉಳಿದೆರಡು ಹೊರಗೇ ನಿಂತವು. ಸಂಶೋಧಕರಿಬ್ಬರೂ ಕೊಬ್ಬರಿ ಎಣ್ಣೆ ಮಾರುವ ಮಾರಿಕೊ ಕಂಪನಿಯವರು ಎಂಬುದನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹಾಗೆಂದು ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ ಅವರೂ ಕೂಡ ಕೂದಲು ಬೆಳೆಯಿತು ಎಂದು ಹೇಳಲಿಲ್ಲ, ಸವೆಯುವುದು ಕಡಿಮೆಯಾಯಿತು ಎಂದರು.

ನಮ್ಮ ಶೇಂಗಾ ಎಣ್ಣೆಯ ಗುಣ ಸೂರ್ಯಕಾಂತಿಗೆ ಹತ್ತಿರ. ಅದು ಒಗ್ಗರಣೆಗೇ ಸರಿ. ಹರಳೆಣ್ಣೆಯನ್ನು ಅಜ್ಜಿಯಂದಿರು ತಂಪಿಗೆಂದು ನೆತ್ತಿಗೆ ತಟ್ಟುತ್ತಿದ್ದರು. ಹೊಳಪು ಬರುತ್ತದೆ, ಕೂದಲು ಹುಟ್ಟಿಸುತ್ತದೆ ಎನ್ನಲು ಪುರಾವೆಯಿಲ್ಲ. ಅದು ಬಹಳ ಮಂದ. ಉದ್ದ ಕೂದಲಿಗೆ ಧಾರಾಳವಾಗಿ ಹಚ್ಚಿ, ನೆತ್ತಿಯ ಮೇಲೆ ಗುಡ್ಡೆ ಮಾಡಿ ತಿಕ್ಕಿ ತೊಳೆದರೆ ಕಂಬಳಿಯಂತೆ ಗಂಟು ಕಟ್ಟಿ, ಕತ್ತರಿಸದೆ ಬೇರೆ ದಾರಿಯಿಲ್ಲದಂತಾಗುವುದೂ ಉಂಟು. ಅಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಎಣ್ಣೆ ಕೆಡುಕು ಮಾಡುವ ಒಂದು ಸಂದರ್ಭವೂ ಇದೆ. ತಲೆಹೊಟ್ಟು ಕಂಡಕೂಡಲೇ ನೆತ್ತಿ ಒಣಗಿದೆ ಎಂದುಕೊಂಡು ಎಣ್ಣೆ ಸುರಿಯುತ್ತೇವೆ. ಹೊಟ್ಟಿನ ಹಿಂದಿರುವುದು ಮಲಸೀಜಿಯ ಎಂಬ ಶಿಲೀಂಧ್ರ, ಎಲ್ಲರ ತಲೆಯಲ್ಲೂ ಇರುವಂಥದ್ದು. ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು, ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತದೆ. ಅದು ಬಿಟ್ಟುಹೋಗುವ ಓಲಿಯಿಕ್ ಆಮ್ಲ ಕೆಲವರ ನೆತ್ತಿಗೆ ಒಗ್ಗದೆ ಪದರ ಏಳುತ್ತದೆ, ತುರಿಕೆಯಾಗುತ್ತದೆ. ಎಣ್ಣೆ ಹಚ್ಚಿದಾಗ ಬಿಳಿ ಪುಡಿ ಅಂಟಿಕೊಂಡು ಕಾಣದಾಗುವುದರಿಂದ ಗುಣವಾಯಿತು ಎಂಬ ಭ್ರಮೆ. ಹೊಟ್ಟು ಇಳಿಯುವವರೆಗೆ ನೆತ್ತಿಗೆ ಎಣ್ಣೆ ನಿಲ್ಲಿಸಿ, ಕೀಟೊಕೊನಜೋಲ್ ಇರುವ ಶಾಂಪೂ ವಾರಕ್ಕೆರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಹೆಚ್ಚಿನವರು ಹಚ್ಚಿದ ಕ್ಷಣವೇ ತೊಳೆದುಬಿಟ್ಟು, ಶಾಂಪೂ ಕೆಲಸಕ್ಕೆ ಬಾರದು ಎನ್ನುತ್ತಾರೆ.

“ಹೇನಿಗೆ ಸೀತಾಫಲದ ಬೀಜವೇ ಮದ್ದು”

ಈ ಮದ್ದು ಕೆಲಸ ಮಾಡುತ್ತದೆ. ಅಪಾಯ ಇರುವುದೂ ಅಲ್ಲೇ. ಬೀಜದಲ್ಲಿರುವ ಅಸಿಟೋಜೆನಿನ್ ಎಂಬ ವಿಷ ಹೇನನ್ನು ಕೊಲ್ಲುತ್ತದೆ. ಕಲಸಿದ ಪುಡಿ ಹಣೆಯಿಂದ ಜಾರಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನೂ ಸುಡುತ್ತದೆ. ಬೀಜದ ಪುಡಿ ಹಚ್ಚಿಕೊಂಡು ಮರುದಿನ ಕಣ್ಣು ತೆರೆಯಲಾಗದೆ ಆಸ್ಪತ್ರೆಗೆ ಬಂದವರ ಬಗ್ಗೆ ಭಾರತದ ಕಣ್ಣಿನ ವೈದ್ಯರು ಬರೆದಿದ್ದಾರೆ. ಸೀಮೆಎಣ್ಣೆಯ ಮಾತಂತೂ ಬೇಡವೇ ಬೇಡ: ನೆತ್ತಿ ಸುಡುತ್ತದೆ, ಒಲೆಯ ಹತ್ತಿರ ಕೂತ ಮಗುವಿನ ತಲೆಗೇ ಬೆಂಕಿ ಹತ್ತಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಶೇ 1ರ ಪರ್ಮೆಥ್ರಿನ್ ಲೋಷನ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಸಾಕು. ಸೀರು ಒಡೆಯಲು ಏಳರಿಂದ ಹತ್ತು ದಿನ ಬೇಕು, ಆದ್ದರಿಂದ ಒಂಬತ್ತು ಹತ್ತನೇ ದಿನಕ್ಕೆ ಇನ್ನೊಮ್ಮೆ. ನಡುವೆ ಒದ್ದೆ ಕೂದಲಿಗೆ ಹೇನು ಹಣಿಗೆ. ಮನೆಯಲ್ಲಿ ಹೇನಿರುವ ಎಲ್ಲರಿಗೂ ಒಂದೇ ದಿನ ಹಚ್ಚದಿದ್ದರೆ ಅಕ್ಕನ ತಲೆಯದು ತಂಗಿಗೆ, ತಂಗಿಯದು ಮತ್ತೆ ಅಕ್ಕನಿಗೆ.

“ಜಡೆ ಕಟ್ಟಿದರೆ ದೇವಿ ಬಂದಂತೆ, ಕತ್ತರಿಸಬಾರದು”

ಹೇನು, ಬೆವರು, ಎಣ್ಣೆಜಿಡ್ಡು, ಧೂಳು, ಬಾಚದೆ ಬಿಟ್ಟ ದಿನಗಳು. ಇವಿಷ್ಟು ಸೇರಿದರೆ ಉದ್ದ ಕೂದಲು ಬಿಡಿಸಲಾಗದ ಜಡೆಗಟ್ಟುತ್ತದೆ. ವೈದ್ಯರು ಇದನ್ನು ಪ್ಲೈಕಾ ಪೊಲೊನಿಕಾ ಎಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಪೋಲೆಂಡಿನಲ್ಲೂ ಅದು ಬಹಳ ಸಾಮಾನ್ಯವಾಗಿತ್ತು, ಅಲ್ಲೂ ಕತ್ತರಿಸಿದರೆ ಕೇಡು ಎಂದೇ ನಂಬುತ್ತಿದ್ದರು. ನಮ್ಮಲ್ಲಿ ಇದರ ಬೆಲೆ ತೆತ್ತವರು ಹೆಣ್ಣುಮಕ್ಕಳು. ಉತ್ತರ ಕರ್ನಾಟಕದಲ್ಲಿ ಬಾಲಕಿಯ ತಲೆಯಲ್ಲಿ ಜಡೆ ಕಂಡರೆ ಎಲ್ಲಮ್ಮ ಕರೆದಳೆಂದು ಮುತ್ತು ಕಟ್ಟಿ ದೇವರಿಗೆ ಬಿಡುತ್ತಿದ್ದರು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದ ಮೇಲೆ ಅದು ಅಪರಾಧ. ಕಾಯ್ದೆ ಬಂತು, ಕತ್ತರಿಯ ಭಯ ಪೂರ್ತಿ ಹೋಗಿಲ್ಲ. ಭಕ್ತಿಯ ಬಗ್ಗೆ ತಕರಾರಿಲ್ಲ. ಆದರೆ ಜಡೆಯ ಭಾರಕ್ಕೆ ಕತ್ತು ನೋಯುತ್ತದೆ, ಒಳಗೆ ಹೇನು, ಗಾಯ, ಕೆಲವೊಮ್ಮೆ ಹುಳವೂ ಆಗುತ್ತದೆ. ಆರಂಭದಲ್ಲಾದರೆ ಕಂಡಿಷನರ್ ಹಚ್ಚಿ ಬೆರಳಿನಿಂದ ತುದಿಯಿಂದ ಮೇಲಕ್ಕೆ ಬಿಡಿಸಬಹುದು. ಬಲಿತಿದ್ದರೆ ಕತ್ತರಿಸಬೇಕು. ಕತ್ತರಿಸಿದವರಿಗೆ ಮತ್ತೆ ಸಾದಾ ಕೂದಲೇ ಬರುತ್ತದೆ. ಕೇಡೂ ಆಗುವುದಿಲ್ಲ, ಯಾರೂ ರಕ್ತ ಕಾರುವುದಿಲ್ಲ.

ಕತ್ತರಿಯ ಮಾತು ಬಂದಾಗ ಇನ್ನೊಂದು ಚಿಕ್ಕದು: ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆಯೆ? ಹರಕೆಗೆ ಕೊಡಿ, ದಟ್ಟವಾಗಲೆಂದು ಬೇಡ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ 1928ರಷ್ಟು ಹಿಂದೆಯೇ ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದ್ದರು. ತುದಿ ಮೊಂಡಾಗಿರುವುದರಿಂದ ಕೈಗೆ ಚುಚ್ಚುತ್ತದೆ, ದಪ್ಪವೆನಿಸುತ್ತದೆ. ಬಿಗಿಯಾಗಿ ಎರಡು ಜಡೆ ಎಳೆದು ಹೆಣೆದರೆ ಉದ್ದ ಬರುತ್ತದೆ ಎಂಬುದೂ ಅಷ್ಟೆ, ವರ್ಷಗಟ್ಟಲೆ ಎಳೆದರೆ ಹಣೆಯಂಚಿನ ಕೂದಲು ಕಾಯಮ್ಮಾಗಿ ಹೋಗುವುದುಂಟು.

“ಹುಳ ತಿಂದ ಜಾಗಕ್ಕೆ ಈರುಳ್ಳಿ ತಿಕ್ಕು”

ಚಳ್ಳಕೆರೆ ಸೀಮೆ ಈರುಳ್ಳಿ ಬೆಳೆಯುವ ನೆಲ, ಆದ್ದರಿಂದ ಈ ಮದ್ದಿಗೆ ಕಾಸೂ ಖರ್ಚಿಲ್ಲ. ತಲೆಯಲ್ಲಿ ನಾಣ್ಯದಗಲ ನುಣ್ಣಗಾಗುವುದಕ್ಕೆ ಹುಳ ಕಾರಣವಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. 2002ರಲ್ಲಿ ಬಾಗ್ದಾದಿನ ವೈದ್ಯರು ಇಂಥವರಿಗೆ ಈರುಳ್ಳಿ ರಸ ಹಚ್ಚಿ, ಬಹುಪಾಲು ಜನರಲ್ಲಿ ಕೂದಲು ಮರಳಿದ್ದನ್ನು ಪ್ರಕಟಿಸಿದರು. ಮೊಬೈಲಿನಲ್ಲಿ ಓಡಾಡುವ ಈರುಳ್ಳಿ ಎಣ್ಣೆಯ ಜಾಹೀರಾತುಗಳ ಹಿಂದಿರುವುದು ಇದೇ. ಆದರೆ ಅಲ್ಲಿದ್ದವರು 38 ಮಂದಿ ಮಾತ್ರ, ಈ ಕಾಯಿಲೆ ಅನೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಮತ್ತು ಇದು ಸಾಮಾನ್ಯ ಉದುರುವಿಕೆಗಾಗಲಿ ಗಂಡಸರ ಬೋಳಿಗಾಗಲಿ ಮಾಡಿದ ಪರೀಕ್ಷೆಯೇ ಅಲ್ಲ. ಮಕ್ಕಳ ತಲೆಯಲ್ಲಿ ಅಂಥ ಜಾಗದಲ್ಲಿ ಹೊಪ್ಪಳೆ ಎದ್ದು ತುರಿಸುತ್ತಿದ್ದರೆ ಅದು ಹುಳುಕಡ್ಡಿ. ಅದಕ್ಕೆ ಹಚ್ಚುವ ಮದ್ದು ಸಾಲದು, ವೈದ್ಯರು ಕೊಡುವ ಗುಳಿಗೆಯನ್ನೇ ವಾರಗಟ್ಟಲೆ ನುಂಗಬೇಕು.

“ಮಗು ಮುಖ ನೋಡಿ ನಕ್ಕರೆ ತಾಯಿ ಕೂದಲು ಉದುರುತ್ತದೆ”

ನನಗೆ ಬಹಳ ಇಷ್ಟವಾದ ನಂಬಿಕೆ ಇದು, ಯಾಕೆಂದರೆ ಇದರ ಲೆಕ್ಕ ಸರಿಯಿದೆ. ಮಗು ಮುಖ ಗುರುತಿಸಿ ನಗುವುದು ಎರಡು ಮೂರು ತಿಂಗಳಿಗೆ. ಹೆರಿಗೆಯಾದಾಗ ಒಟ್ಟಿಗೆ ವಿಶ್ರಾಂತಿಗೆ ಹೋದ ಕೂದಲೆಲ್ಲ ಉದುರಲು ತೊಡಗುವುದೂ ಸರಿಸುಮಾರು ಆಗಲೇ. ಡೆಂಗಿ, ಚಿಕೂನ್‌ಗುನ್ಯಾ, ಟೈಫಾಯಿಡ್, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ಇವೆಲ್ಲದರ ನಂತರವೂ ಇದೇ ಎರಡು ಮೂರು ತಿಂಗಳ ಅಂತರ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಹೊಸದಾಗಿ ಕೊಂಡ ಶಾಂಪೂ ಮೇಲೆ ತಪ್ಪು ಬೀಳುತ್ತದೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ಹತೋಟಿಗೆ ಬರುತ್ತದೆ.

ತಾನೇ ನಿಲ್ಲದಿದ್ದರೆ ನೋಡಬೇಕಾದದ್ದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ದೇಹ ಕಬ್ಬಿಣದ ಕೊರತೆಯಲ್ಲಿ ಮೊದಲು ಕೈಬಿಡುವುದು ಕೂದಲಿನಂಥ ಅನಿವಾರ್ಯವಲ್ಲದ ಕೆಲಸವನ್ನು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಕಿಟಕಿಯಿಂದಾಚೆ ಎಸೆದ ಹುಡುಗಿಯೇ ಕೂದಲಿಗೆಂದು ದುಡ್ಡು ಕೊಟ್ಟು ಬಯೋಟಿನ್ ಮಾತ್ರೆ ತರಿಸುತ್ತಾಳೆ. ಬಯೋಟಿನ್ ಕೊರತೆ ತೀರಾ ಅಪರೂಪ. ಮೇಲಾಗಿ ಅದನ್ನು ಹೆಚ್ಚು ನುಂಗಿದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ಏರುಪೇರಾಗುತ್ತದೆ, ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದಾರೆ. ಕೂದಲಿಗೆ ಬೇಕಾದದ್ದು ಅಡುಗೆಮನೆಯಲ್ಲೇ ಇದೆ: ಶೇಂಗಾ ಬೀಜದ 100 ಗ್ರಾಮಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಮುದ್ದೆಗೆ ಸೊಪ್ಪಿನ ಸಾರು, ಸಾರಿಗೆ ನಿಂಬೆಹುಳಿ, ಕಾಳಿನ ಪಲ್ಯ, ಊಟದ ಹಿಂದೆಯೇ ಟೀ ಕುಡಿಯದಿರುವುದು. ಇಷ್ಟಾದರೆ ಒಳಗಿನ ಕೆಲಸ ಬಹುಪಾಲು ಮುಗಿಯಿತು.

ಹೊರಗಿನದು ಇನ್ನೂ ಸಣ್ಣದು. ತೊಳೆಯುವ ಹಿಂದಿನ ರಾತ್ರಿಯೋ ಒಂದೆರಡು ಗಂಟೆ ಮೊದಲೋ ಎಳೆಗಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ. ವಾರಕ್ಕೆರಡು ಸಲ ನೆತ್ತಿಗೆ ಶಾಂಪೂ ಅಥವಾ ಸೀಗೆ, ತುದಿಗಳಿಗೆ ಕಂಡಿಷನರ್. ಒದ್ದೆ ಕೂದಲನ್ನು ಟವಲಿನಿಂದ ಬಡಿಯದೆ ಒತ್ತಿ ಒರೆಸಿ, ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬಿಡಿಸಿಕೊಂಡು ಬನ್ನಿ. ಹೊಲಕ್ಕೆ ಹೋಗುವಾಗ ತಲೆಗೆ ವಲ್ಲಿ, ಸಡಿಲ ಜಡೆ. ಬೈತಲೆ ಅಗಲವಾಗುತ್ತ ಬಂದರೆ, ಬೋಳು ಮಚ್ಚೆ ಕಂಡರೆ, ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಚರ್ಮವೈದ್ಯರನ್ನು ಕಾಣಿ. ಹೋಗುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಹಿಮೋಗ್ಲೋಬಿನ್ ನೋಡಿಸಿಕೊಂಡು ಆ ಚೀಟಿ ಜೊತೆಗಿಟ್ಟುಕೊಂಡಿರಿ, ವೈದ್ಯರು ಮೊದಲು ಕೇಳುವುದು ಅದನ್ನೇ.