ಮಾಂಜಾ ದಾರ ಮತ್ತು ಹದ್ದಿನ ರೆಕ್ಕೆ

ಅಂಗಳದಲ್ಲಿ ಕೋಳಿ ಸಾಕಿದ ನಮ್ಮ ತಾಯಂದಿರಿಗೆ ಹದ್ದೆಂದರೆ ಕಳ್ಳ. ನೆಲದ ಮೇಲೆ ಅದರ ನೆರಳು ಸರಿದರೆ ಸಾಕು, ಕೂಗೆಬ್ಬಿಸಿ ಮರಿಗಳನ್ನು ಬುಟ್ಟಿಯೊಳಗೆ ಮುಚ್ಚುತ್ತಿದ್ದರು. ಅಂತಹ ಹಕ್ಕಿಗಾಗಿ ದಿಲ್ಲಿಯ ವಝೀರಾಬಾದ್‌ನಲ್ಲಿ ಇಬ್ಬರು ಸಹೋದರರು ತಮ್ಮ ಮನೆಯ ನೆಲಮಾಳಿಗೆಯನ್ನೇ ಆಸ್ಪತ್ರೆ ಮಾಡಿದರು. ಅವರೇ ನದೀಮ್ ಶೆಹಝಾದ್ ಮತ್ತು ಮುಹಮ್ಮದ್ ಸಊದ್.

ಅವರಿಬ್ಬರೂ ಪಶುವೈದ್ಯರಲ್ಲ. ಸೋಪು ಹಾಕುವ ಯಂತ್ರಗಳನ್ನು ತಯಾರಿಸುವುದು ಅವರ ಕಸುಬು. ಹದಿಹರೆಯದಲ್ಲಿ ಗಾಯಗೊಂಡ ಹದ್ದೊಂದನ್ನು ಹಕ್ಕಿಗಳ ಆಸ್ಪತ್ರೆಗೆ ಒಯ್ದಾಗ, ಮಾಂಸ ತಿನ್ನುವ ಹಕ್ಕಿಯೆಂಬ ಕಾರಣಕ್ಕೆ ಅದಕ್ಕೆ ಚಿಕಿತ್ಸೆ ಸಿಗಲಿಲ್ಲ. ಹಕ್ಕಿಗೂ ಆಹಾರದ ಜಾತಿ ನೋಡಿದ ಕಥೆಯಿದು! 2003ರಲ್ಲಿ ಅಂತಹದೇ ಇನ್ನೊಂದು ಹದ್ದು ಸಿಕ್ಕಾಗ ಅದನ್ನು ಮನೆಗೇ ತಂದರು. ಒಂದು ಹೋಗಿ ಹತ್ತಾಯಿತು, ಹತ್ತು ನೂರಾಯಿತು. 2010ರಲ್ಲಿ 'ವೈಲ್ಡ್‌ಲೈಫ್ ರೆಸ್ಕ್ಯೂ' ಎಂಬ ಸಂಸ್ಥೆ ಕಟ್ಟಿದರು. ಯೌವನದಲ್ಲಿ ದೇಹದಾರ್ಢ್ಯದ ಗೀಳಿನಿಂದ ಸ್ನಾಯುಗಳ ಬಗ್ಗೆ ಓದಿಕೊಂಡದ್ದು ಹಕ್ಕಿಯ ರೆಕ್ಕೆಯನ್ನು ಅರ್ಥಮಾಡಿಕೊಳ್ಳಲು ನೆರವಾಯಿತಂತೆ. ಯಾವ ವಿದ್ಯೆ ಯಾವಾಗ ಉಪಯೋಗಕ್ಕೆ ಬರುತ್ತದೋ ಹೇಳಲಾಗದು. ಇವರ ಬಗ್ಗೆ ಶೌನಕ್ ಸೇನ್ ನಿರ್ದೇಶಿಸಿದ 'ಆಲ್ ದಟ್ ಬ್ರೀದ್ಸ್' ಸಾಕ್ಷ್ಯಚಿತ್ರ 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, 2023ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಆ ವೇಳೆಗೆ ಇವರು ಆರೈಕೆ ಮಾಡಿದ ಹಕ್ಕಿಗಳ ಸಂಖ್ಯೆ 20,000 ದಾಟಿತ್ತು.

ಹಜ್ಜ್‌ನ ಇಹ್ರಾಮ್‌ನಲ್ಲಿರುವಾಗಲೂ ಕೊಲ್ಲಲು ಅನುಮತಿಯಿರುವ ಐದು ಉಪದ್ರವಕಾರಿ ಜೀವಿಗಳ ಸಾಲಿನಲ್ಲಿ ಹದ್ದೂ ಇದೆಯಲ್ಲವೇ ಎಂದು ಹದೀಸ್ ಓದಿದ ಸಹೋದರಿಯರು ಕೇಳಬಹುದು. ಹೌದು, ಇದೆ. ಆದರೆ ಅದು ಉಪದ್ರವದಿಂದ ಪಾರಾಗಲು ನೀಡಲಾದ ಅನುಮತಿ. ರೆಕ್ಕೆ ಕೊಯ್ದು ಬಿದ್ದಿರುವ ಹಕ್ಕಿ ಯಾರ ಕೋಳಿಮರಿಯನ್ನು ಕದಿಯಬಲ್ಲುದು? ಬಾಯಾರಿದ ನಾಯಿಗೆ ನೀರುಣಿಸಿದವನ ಘಟನೆಯನ್ನೂ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ಘಟನೆಯನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು.

ದಿಲ್ಲಿಯ ಮುಸ್ಲಿಮರು ಹದ್ದಿಗೆ ಅಪರಿಚಿತರೇನೂ ಅಲ್ಲ. ಸದಕಾ ಎಂದು ಭಾವಿಸಿ ಮಾಂಸದ ತುಣುಕುಗಳನ್ನು ಆಕಾಶಕ್ಕೆ ಎಸೆಯುವ ರೂಢಿ ಹಳೆ ದಿಲ್ಲಿಯಲ್ಲಿ ಬಹುಕಾಲದಿಂದ ಇದೆ. ರೋಗ, ಸಂಕಟ ದೂರವಾಗಲಿ ಎಂಬುದು ಎಸೆಯುವವರ ಹಾರೈಕೆ. ಹದ್ದುಗಳು ಅವನ್ನು ಗಾಳಿಯಲ್ಲೇ ಹಿಡಿದು ಒಯ್ಯುತ್ತವೆ. ಹದ್ದಿನ ಗೂಡುಗಳ ಅಧ್ಯಯನ ನಡೆಸಿದ ವಿಜ್ಞಾನಿಗಳಿಗೆ ಇಂತಹ ಮೊಹಲ್ಲಾಗಳ ಸಮೀಪದಲ್ಲಿ ಗೂಡುಗಳು ಹೆಚ್ಚು ದಟ್ಟವಾಗಿರುವುದು ಕಂಡುಬಂತು. ಇನ್ನು ಗಾಝಿಪುರದ ಕಸದ ಗುಡ್ಡದ ಮೇಲಂತೂ ಹದ್ದುಗಳ ಸಂತೆಯೇ ಇರುತ್ತದೆ. ನಗರದ ಮಾಂಸದ ತ್ಯಾಜ್ಯವನ್ನು ಅವು ಸಂಬಳವಿಲ್ಲದೆ ತಿಂದು ಮುಗಿಸುತ್ತವೆ.

ವಿಪರ್ಯಾಸ ಏನೆಂದರೆ, ಹದ್ದಿಗೆ ಮಾಂಸ ಎಸೆಯುವ ಅದೇ ಓಣಿಗಳ ತಾರಸಿಗಳಿಂದ ಗಾಳಿಪಟಗಳೂ ಏರುತ್ತವೆ. ಆಗಸ್ಟ್ 15ರ ಆಸುಪಾಸಿನಲ್ಲಿ ದಿಲ್ಲಿಯ ಆಕಾಶ ತುಂಬ ಗಾಳಿಪಟ. ಎದುರಾಳಿಯ ದಾರ ಕತ್ತರಿಸಲು ಗಾಜಿನ ಪುಡಿ ಮೆತ್ತಿದ ಮಾಂಜಾ ಬಳಸುತ್ತಾರೆ. 'ಚೀನಾ ಮಾಂಜಾ' ಎಂದು ಕರೆಯಲಾಗುವ ನೈಲಾನ್ ದಾರ ಸುಲಭದಲ್ಲಿ ತುಂಡಾಗುವುದಿಲ್ಲ, ಕೊಳೆಯುವುದೂ ಇಲ್ಲ. ಪಂದ್ಯ ಮುಗಿದು ತಿಂಗಳುಗಳು ಕಳೆದರೂ ಮರಗಳಲ್ಲಿ, ತಂತಿಗಳಲ್ಲಿ ನೇತಾಡುತ್ತಿರುತ್ತದೆ. ವೇಗವಾಗಿ ಹಾರಿಬರುವ ಹದ್ದಿಗೆ ಅದು ಕಾಣುವುದಿಲ್ಲ. ರೆಕ್ಕೆಯ ಮುಂಭಾಗದಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಚಾಚಿರುವ ತೆಳು ಚರ್ಮ ಮೊದಲು ಕೊಯ್ಯುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ದಾರ ಸ್ನಾಯುವಿಗೆ, ಕೊನೆಗೆ ಎಲುಬಿಗೆ ಇಳಿಯುತ್ತದೆ. ಚರ್ಮ ಮಾತ್ರ ಹರಿದಿದ್ದರೆ ಹೊಲಿಗೆ ಹಾಕಿ, ಕೊಚ್ಚಿದ ಮಾಂಸ ತಿನ್ನಿಸಿ, ಬಲ ಬಂದ ಬಳಿಕ ಹಾರಲು ಬಿಡಬಹುದು. ಸ್ನಾಯುರಜ್ಜು ತುಂಡಾಗಿದ್ದರೆ ಮತ್ತೆ ಹಾರುವುದು ಕಷ್ಟ.

ಹಕ್ಕಿಯ ಮಾತು ಬಿಡಿ ಎನ್ನುವವರಿಗೆ ಒಂದು ಸಂಗತಿ: 2016ರ ಆಗಸ್ಟ್ 15ರಂದು ದಿಲ್ಲಿಯಲ್ಲಿ ಕಾರಿನ ಛಾವಣಿಯ ಕಿಂಡಿಯಿಂದ ತಲೆ ಹೊರಹಾಕಿದ್ದ ಇಬ್ಬರು ಪುಟ್ಟ ಮಕ್ಕಳು ಮಾಂಜಾ ಕತ್ತು ಕೊಯ್ದು ಸತ್ತರು. 2017ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ನೈಲಾನ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಅದು ಗುಟ್ಟಾಗಿ ಮಾರಾಟವಾಗುತ್ತಲೇ ಇದೆ. ಕೊಂಡು ತರುವವರು ನಮ್ಮ ನಿಮ್ಮ ಮನೆಯ ಹುಡುಗರೇ. ಅವರ ಕೈಗೆ ದುಡ್ಡು ಕೊಡುವವರು ನಾವೇ.

ನಮ್ಮಲ್ಲಿ ಗಾಳಿಪಟದ ಕಾಲ ಆಷಾಢದ ಗಾಳಿ. ಬೆಂಗಳೂರಿನಲ್ಲೂ ದಾರಕ್ಕೆ ಸಿಕ್ಕಿ ಬೀಳುವ ಹದ್ದುಗಳಿಗೆ ಕೊರತೆಯಿಲ್ಲ. ಮಗನಿಗೆ ಹತ್ತಿಯ ಸಾದಾ ದಾರವನ್ನೇ ಕೊಡಿಸಿರಿ. ಬಟ್ಟೆ ಒಣಗಿಸಲು ತಾರಸಿಗೆ ಹೋದಾಗ ಬಿದ್ದಿರುವ ತುಂಡು ದಾರಗಳನ್ನು ಒಟ್ಟುಗೂಡಿಸಿ, ಸಣ್ಣಗೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿರಿ. ಹದ್ದೇನಾದರೂ ಬಿದ್ದಿರುವುದು ಕಂಡರೆ ದಾರವನ್ನು ಎಳೆಯಬಾರದು, ಗಾಯ ಇನ್ನೂ ಆಳವಾಗುತ್ತದೆ. ದಪ್ಪ ಬಟ್ಟೆಯನ್ನು ತಲೆಸಮೇತ ಹೊದಿಸಿದರೆ ಕತ್ತಲಾಗಿ ಅದು ಶಾಂತವಾಗುತ್ತದೆ. ಕೊಕ್ಕಿಗಿಂತ ಉಗುರುಗಳ ಬಗ್ಗೆ ಹೆಚ್ಚು ಎಚ್ಚರವಿರಲಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಮಕ್ಕಳ ಗದ್ದಲದಿಂದ ದೂರವಿಡಿ. ಬಾಯಿಗೆ ನೀರು ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನುಮತಿಸುವುದಿಲ್ಲ. ಆದ್ದರಿಂದ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿರಿ. ಬೆಂಗಳೂರಿನವರಾದರೆ ಕೆಂಗೇರಿಯಲ್ಲಿ 'ಪೀಪಲ್ ಫಾರ್ ಆ್ಯನಿಮಲ್ಸ್' ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಮಾಂಸ ತಿನ್ನುವ ಹಕ್ಕಿಗಳಿಗೂ ಅಲ್ಲಿ ಚಿಕಿತ್ಸೆ ಸಿಗುತ್ತದೆ.